ಮಗಳು ಟೆಕ್ಸಾಸ್‌ನಲ್ಲಿ ಬಸುರಿ: ಅಲ್ಲಿನ ಗರ್ಭಪಾತ ಕಾನೂನಿಗೆ ಎಷ್ಟು ಹೆದರಬೇಕು?

ಪ್ರಶ್ನೆ: ಡಾಕ್ಟರ್ ಮೇಡಂ, ನನ್ನ ಮಗಳು ಅಮೆರಿಕದಲ್ಲಿ ಡಲ್ಲಾಸ್ ಹತ್ತಿರ ಇದ್ದಾಳೆ. ಈಗ ಒಂಬತ್ತು ವಾರ. ಎರಡು ವರ್ಷದ ಹಿಂದೆ ಇಲ್ಲೇ ಇದ್ದಾಗ ನಾಲ್ಕೂವರೆ ತಿಂಗಳಿಗೆ ಅಬಾರ್ಷನ್ ಆಗಿತ್ತು. ನೋವು ಏನೂ ಇರಲಿಲ್ಲ, ಇದ್ದಕ್ಕಿದ್ದಂತೆ ನೀರು ಹೋಯಿತು, ಮಗು ಉಳಿಯಲಿಲ್ಲ. ಟೆಕ್ಸಾಸ್‌ನಲ್ಲಿ ಅಬಾರ್ಷನ್ ಮಾಡಿದರೆ ಡಾಕ್ಟರಿಗೆ ಜೈಲು, ಅದಕ್ಕೇ ರಕ್ತ ಹೋಗುತ್ತಿದ್ದರೂ ಆಸ್ಪತ್ರೆಯವರು ಮುಟ್ಟುವುದಿಲ್ಲ ಎಂದು ಅಲ್ಲಿರುವ ನಮ್ಮವರು ಹೇಳುತ್ತಾರೆ. ಪಕ್ಕದ ರಾಜ್ಯದಲ್ಲಿ ಹಾಗಿಲ್ಲವಂತೆ. ಒಂದೇ ದೇಶದಲ್ಲಿ ಹೀಗೇಕೆ? ಅವಳನ್ನು ಊರಿಗೆ ಕರೆಸಿಕೊಳ್ಳಲೇ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಕ್ಕ, ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ನಿಂತಿದ್ದು ಒಂದು ಮಾತಿನ ಮೇಲೆ. 'ಅಬಾರ್ಷನ್ ಆಗಿತ್ತು' ಎಂದು ಬರೆದಿದ್ದೀರಿ. ನಮ್ಮಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಗರ್ಭ ತಾನಾಗಿ ಇಳಿದುಹೋದರೆ 'ಅಬಾರ್ಷನ್ ಆಯ್ತು'. ಬೇಡ ಎಂದು ಹೋದರೆ 'ಅಬಾರ್ಷನ್ ಮಾಡಿಸಿದ್ವಿ', ಇಲ್ಲಾಂದ್ರೆ ಸುಮ್ನೆ 'ತೆಗೆಸಿದ್ವಿ'. ನಾವು ಡಾಕ್ಟರುಗಳೂ ಕೇಸ್ ಶೀಟಿನಲ್ಲಿ ಇನ್‌ಕಂಪ್ಲೀಟ್ ಅಬಾರ್ಷನ್, ಮಿಸ್ಡ್ ಅಬಾರ್ಷನ್ ಎಂದೇ ಬರೆಯುತ್ತೇವೆ. ಅವೆರಡೂ ತಾನಾಗಿ ಕಳೆದುಹೋದ ಗರ್ಭಗಳೇ. ಆಗಿದ್ದಕ್ಕೂ ಮಾಡಿಸಿದ್ದಕ್ಕೂ ಕೊಡುವ ಮಾತ್ರೆ ಒಂದೇ, ಗರ್ಭಕೋಶ ಕ್ಲೀನ್ ಮಾಡುವ ರೀತಿಯೂ ಒಂದೇ.

ನಿಮ್ಮ ಭಯದ ಬೇರು ಇರುವುದು ಇಲ್ಲೇ. ಕಾನೂನು ಬರೆಯುವವರು 'ಮಾಡಿಸಿದ್ದು' ಎಂಬುದನ್ನು ತಡೆಯಲು ಬರೆಯುತ್ತಾರೆ. ಆದರೆ ಅದು ಹೋಗಿ ಬೀಳುವುದು 'ಆಗುತ್ತಿರುವ' ಹೆಂಗಸಿನ ಹಾಸಿಗೆಯ ಪಕ್ಕದಲ್ಲಿ.

ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಗಾಬರಿಯಲ್ಲಿ ಊರಿಗೆ ಕರೆಸಬೇಕಿಲ್ಲ. ಆದರೆ ಹಿಂದೆ ಹದಿನೆಂಟು ವಾರಕ್ಕೆ ನೀರು ಹೋಗಿ ಮಗು ಕಳೆದುಕೊಂಡವಳು ಅವಳು. ಟೆಕ್ಸಾಸ್ ಕಾನೂನು ಅತಿ ಹೆಚ್ಚು ತೊಡಕು ಕೊಟ್ಟಿರುವುದು ಇಂಥ ಕೇಸುಗಳಿಗೇ. ಹಾಗಾಗಿ ತಯಾರಿ ಬೇಕು, ಈಗಲೇ ಬೇಕು.

ಒಂದೇ ದೇಶದಲ್ಲಿ ಹೀಗೇಕೆ ಎಂದು ಕೇಳಿದ್ದೀರಿ. ನಾವು ನಿಪ್ಪಾಣಿ ದಾಟಿ ಕೊಲ್ಲಾಪುರಕ್ಕೆ ಹೋದರೆ ಗರ್ಭಪಾತದ ಕಾನೂನು ಬದಲಾಗುವುದಿಲ್ಲ. 1971ರ ಎಂಟಿಪಿ ಕಾಯ್ದೆ ಪಾರ್ಲಿಮೆಂಟ್ ಮಾಡಿದ್ದು, ಇಡೀ ದೇಶಕ್ಕೆ ಒಂದೇ. ಅಮೆರಿಕದಲ್ಲಿ ಯಾವುದು ಅಪರಾಧ, ಅದಕ್ಕೆ ಎಷ್ಟು ಶಿಕ್ಷೆ ಎಂದು ಬಹುಮಟ್ಟಿಗೆ ತೀರ್ಮಾನಿಸುವುದು ಆಯಾ ರಾಜ್ಯ. ಸುಮಾರು ಐವತ್ತು ವರ್ಷ ಗರ್ಭಪಾತದ ವಿಷಯದಲ್ಲಿ ಮಾತ್ರ ರಾಜ್ಯಗಳ ಕೈ ಕಟ್ಟಿತ್ತು. ಕಟ್ಟಿದ್ದು 1973ರ ಜನವರಿ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ರೋ ವರ್ಸಸ್ ವೇಡ್ ತೀರ್ಪು. ಆ ಕೇಸ್ ಹುಟ್ಟಿದ್ದೇ ನಿಮ್ಮ ಮಗಳಿರುವ ಕಡೆ. ವೇಡ್ ಎಂದರೆ ಡಲ್ಲಾಸ್ ಕೌಂಟಿಯ ಸರ್ಕಾರಿ ವಕೀಲ ಹೆನ್ರಿ ವೇಡ್. ಟೆಕ್ಸಾಸ್‌ನ ಹಳೆಯ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದು ಏಳು ಜನ ನ್ಯಾಯಮೂರ್ತಿಗಳು ಹೇಳಿದರು, ಇಬ್ಬರು ಒಪ್ಪಲಿಲ್ಲ. 1992ರಲ್ಲಿ ಇನ್ನೊಂದು ತೀರ್ಪು ಬಂತು. ಮಗು ಹೊರಗೆ ಬದುಕಬಲ್ಲ ಹಂತ ಮುಟ್ಟುವವರೆಗೆ ರಾಜ್ಯಗಳು ನಿಷೇಧ ಹಾಕುವಂತಿಲ್ಲ, ಆದರೆ ಒಂದಷ್ಟು ನಿಯಮ ಮಾಡಬಹುದು ಎಂದಿತು.

2022ರ ಜೂನ್ 24ರಂದು ಆ ಕಟ್ಟು ಬಿಚ್ಚಿತು. ಹದಿನೈದು ವಾರದ ಮೇಲೆ ಗರ್ಭಪಾತ ಕೂಡದು ಎಂಬ ಮಿಸಿಸಿಪ್ಪಿ ರಾಜ್ಯದ ಕಾನೂನಿನ ಮೇಲೆ ನಡೆದ ಡಾಬ್ಸ್ ಕೇಸ್ ಅದು. ಸಂವಿಧಾನದಲ್ಲಿ ಗರ್ಭಪಾತದ ಮಾತೇ ಇಲ್ಲ, ಇದನ್ನು ಜನರು ಆರಿಸಿದ ಪ್ರತಿನಿಧಿಗಳೇ ತೀರ್ಮಾನಿಸಲಿ ಎಂದು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ಬರೆದರು. ಅಲ್ಲಿಂದ ಒಂದೊಂದು ರಾಜ್ಯ ಒಂದೊಂದು ದಿಕ್ಕು. ಈಗ ಟೆಕ್ಸಾಸ್, ಲೂಸಿಯಾನಾ, ಒಕ್ಲಹೋಮಾ, ಅರ್ಕನ್ಸಾ, ಐಡಾಹೋ, ಟೆನೆಸಿ ಸೇರಿ ಹನ್ನೆರಡು ಹದಿಮೂರು ರಾಜ್ಯಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧ. ಫ್ಲಾರಿಡಾ, ಜಾರ್ಜಿಯಾದಲ್ಲಿ ಆರು ವಾರದವರೆಗೆ ಮಾತ್ರ. ನ್ಯೂ ಮೆಕ್ಸಿಕೋ, ಕೊಲರಾಡೋಗಳಲ್ಲಿ ವಾರದ ಮಿತಿಯೇ ಇಲ್ಲ. ಟೆಕ್ಸಾಸ್‌ಗೆ ತಾಗಿಕೊಂಡ ರಾಜ್ಯಗಳಲ್ಲಿ ಬಾಗಿಲು ತೆರೆದಿರುವುದು ನ್ಯೂ ಮೆಕ್ಸಿಕೋ ಒಂದೇ. ಡಲ್ಲಾಸ್‌ನಿಂದ ಅಲ್ಲಿನ ಆಲ್ಬುಕರ್ಕಿ ಊರಿಗೆ ಸುಮಾರು ಸಾವಿರ ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ಕಾರಲ್ಲಿ ಹೋದಷ್ಟು ದೂರ. ನಿಮ್ಮವರು 'ಪಕ್ಕದ ರಾಜ್ಯ' ಎಂದಿದ್ದು ಇದನ್ನೇ.

ಜನರ ಮನಸ್ಸೂ ನಾವು ದೂರದಿಂದ ಅಂದುಕೊಂಡಷ್ಟು ಸರಳ ಅಲ್ಲ. ಕ್ಯಾನ್ಸಸ್ ತುಂಬಾ ಸಂಪ್ರದಾಯಸ್ಥ ರಾಜ್ಯ. ಅಲ್ಲಿ 2022ರ ಆಗಸ್ಟ್‌ನಲ್ಲಿ ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನದಿಂದ ತೆಗೆಯಬೇಕೇ ಎಂದು ಮತಕ್ಕೆ ಹಾಕಿದರು. ಶೇಕಡಾ 59ರಷ್ಟು ಜನ ಬೇಡ ಎಂದರು. ಫ್ಲಾರಿಡಾದಲ್ಲಿ 2024ರಲ್ಲಿ ಶೇಕಡಾ 57ರಷ್ಟು ಜನ ಹಕ್ಕಿನ ಪರ ಮತ ಹಾಕಿದರೂ ಸೋಲಾಯಿತು. ಅಲ್ಲಿ ಗೆಲ್ಲಲು ಶೇಕಡಾ 60 ಬೇಕು. ಅರಿಜೋನಾದಲ್ಲಿ ಇನ್ನೂ ವಿಚಿತ್ರ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1864ರ ಒಂದು ನಿಷೇಧ ಈಗಲೂ ಜಾರಿ ಮಾಡಬಹುದು ಎಂದಿತು. ಅರಿಜೋನಾ ರಾಜ್ಯವಾಗಿದ್ದೇ 1912ರಲ್ಲಿ. ಹೆಂಗಸರಿಗೆ ಮತದ ಹಕ್ಕೇ ಇಲ್ಲದ ಕಾಲದ ಕಾನೂನು ಅದು. ಮುಂದಿನ ತಿಂಗಳೇ ರಾಜ್ಯ ಅದನ್ನು ರದ್ದು ಮಾಡಿತು. ನವೆಂಬರ್‌ನಲ್ಲಿ ಜನ ಮತ ಹಾಕಿ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಆದರೆ ಏಪ್ರಿಲ್‌ನಿಂದ ನವೆಂಬರ್ ಎಂದರೆ ಏಳು ತಿಂಗಳು. ಬಸುರಿಯ ಲೆಕ್ಕದಲ್ಲಿ ಅದು ಎಷ್ಟು ದೊಡ್ಡ ಕಾಲ ಎಂದು ನಿಮಗೆ ಹೇಳಬೇಕಿಲ್ಲ ಅಲ್ವಾ?

ಈಗ ಟೆಕ್ಸಾಸ್. 2021ರ ಸೆಪ್ಟೆಂಬರ್ 1ರಂದು ಅಲ್ಲಿ ಆರು ವಾರದ ಕಾನೂನು ಬಂತು. ಆರು ವಾರ ಎಂದರೆ ಗರ್ಭ ನಿಂತು ಆರು ವಾರ ಅಲ್ಲ. ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಆರು ವಾರ ಮುಗಿದಿರುತ್ತೆ. ಎಷ್ಟೋ ಹೆಂಗಸರಿಗೆ ಆಗ ಗೊತ್ತೇ ಆಗಿರುವುದಿಲ್ಲ. ಈ ಕಾನೂನಿನ ಪ್ರಕಾರ ಗರ್ಭಪಾತಕ್ಕೆ ನೆರವಾದವರ ಮೇಲೆ ಯಾವ ಸಾಮಾನ್ಯ ಮನುಷ್ಯ ಬೇಕಾದರೂ ದಾವೆ ಹಾಕಬಹುದು. ಗೆದ್ದರೆ ಕನಿಷ್ಠ 10,000 ಡಾಲರ್. 2022ರ ಆಗಸ್ಟ್ 25ರಿಂದ ಅದರ ಮೇಲೆ ಪೂರ್ತಿ ನಿಷೇಧವೂ ಸೇರಿತು. ಮಾಡಿದ ಡಾಕ್ಟರಿಗೆ ಜೀವಾವಧಿಯವರೆಗೆ ಜೈಲು, ಕನಿಷ್ಠ 1 ಲಕ್ಷ ಡಾಲರ್ ದಂಡ, ಲೈಸೆನ್ಸ್ ಹೋಗುತ್ತೆ. ಅತ್ಯಾಚಾರದಿಂದ ಗರ್ಭ ನಿಂತಿದ್ದರೂ ವಿನಾಯಿತಿ ಇಲ್ಲ. ತಾಯಿಯ ಜೀವಕ್ಕೆ ಅಥವಾ ದೇಹದ ಮುಖ್ಯ ಕೆಲಸಕ್ಕೆ ಗಂಭೀರ ಅಪಾಯ ಇದ್ದರೆ ಮಾತ್ರ ಇದೆ.

ಇಲ್ಲಿ ನಿಮ್ಮ ಮಗಳಿಗೆ ಗೊತ್ತಿರಬೇಕಾದ ಮೂರು ಮಾತಿವೆ. ಈ ಕಾನೂನು ಗರ್ಭಪಾತ ಮಾಡಿಸಿಕೊಂಡ ಹೆಂಗಸಿಗೆ ಶಿಕ್ಷೆ ಕೊಡುವುದಿಲ್ಲ. ಗರ್ಭನಾಳದಲ್ಲಿ ನಿಂತ ಗರ್ಭ ತೆಗೆಯುವುದನ್ನು ಅದು ಗರ್ಭಪಾತ ಎಂದೇ ಎಣಿಸುವುದಿಲ್ಲ. ತಾನಾಗಿ ತೀರಿಹೋದ ಭ್ರೂಣವನ್ನು ತೆಗೆಯುವುದನ್ನೂ ಅಷ್ಟೇ. ಹಾಗಾಗಿ 'ರಕ್ತ ಹೋದರೂ ಮುಟ್ಟಲ್ಲ' ಎಂದು ಹೇಳಿದವರು ಅರ್ಧ ಮಾತ್ರ ಹೇಳಿದ್ದಾರೆ. ಉಳಿದರ್ಧ ಇರುವುದು ಮಗುವಿನ ಎದೆ ಬಡಿತ ಇನ್ನೂ ನಡೆಯುತ್ತಿರುವಾಗಲೇ ನೀರು ಹೋದರೆ ಏನು ಎಂಬಲ್ಲಿ.

ಆ ಹೊತ್ತು ಹೇಗಿರುತ್ತೆ ಎಂದು ನಾನು ಮೊದಲು ನೋಡಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಚಿಕ್ಕ ಊರಿನ ಆಸ್ಪತ್ರೆಯಲ್ಲಿ. ರಾತ್ರಿ ಎರಡು ಗಂಟೆ. ಹದಿನೆಂಟು ವಾರದ ಹುಡುಗಿ, ನೀರು ಹೋಗಿ ಒಂದೂವರೆ ದಿನ ಆಗಿತ್ತು. ಮನೆಯವರು ತಡ ಮಾಡಿ ಕರೆತಂದಿದ್ದರು. ಮೈ ಸುಡುತ್ತಿತ್ತು, ಆದರೆ ಅವಳು ಚಳಿ ಚಳಿ ಎಂದು ಎರಡು ಕಂಬಳಿ ಕೇಳಿದಳು. ನಾಡಿ 124. ಹೋಗುತ್ತಿದ್ದ ನೀರಿಗೆ ವಾಸನೆ ಬಂದಿತ್ತು. ಹೊಟ್ಟೆಯ ಮೇಲೆ ಡಾಪ್ಲರ್ ಇಟ್ಟರೆ ಮಗುವಿನ ಎದೆ ಬಡಿತ ಟಕಟಕ ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನು ಕೇಳಿ ಅವಳ ತಾಯಿಯ ಮುಖ ಅರಳಿತು. 'ಮಗು ಚೆನ್ನಾಗಿದೆ ಅಲ್ಲೇನಮ್ಮಾ?' ಎಂದರು. ಆ ಮಗು ಉಳಿಯುವ ದಾರಿ ಇರಲಿಲ್ಲ. ಹದಿನೆಂಟು ವಾರಕ್ಕೆ ಶ್ವಾಸಕೋಶವೇ ಬಲಿತಿರುವುದಿಲ್ಲ, ಸುತ್ತ ನೀರೂ ಇಲ್ಲ, ಒಳಗೆ ಸೋಂಕು ಏರುತ್ತಿದೆ. ಕಾದರೆ ಇಬ್ಬರೂ ಇಲ್ಲ. ಅವರಿಗೆ ಅದನ್ನು ಹೇಳುವುದು ನನಗೆ ಇವತ್ತಿಗೂ ಕಷ್ಟದ ಕೆಲಸ. ಹುಡುಗಿಗೇ ಮೊದಲು ಅರ್ಥವಾಯಿತು. 'ಆ ಸೌಂಡ್ ಆಫ್ ಮಾಡ್ರಿ ಮೇಡಂ' ಎಂದಳು. ನಮಗೆ ಬೇಕಾಗಿದ್ದು ಅವಳ ಸಹಿ, ಎರಡು ಡಾಕ್ಟರುಗಳ ಸಹಿ, ಆಂಟಿಬಯಾಟಿಕ್, ಡ್ರಿಪ್. ಜೈಲಿನ ಯೋಚನೆ ನಮ್ಮ ತಲೆಗೆ ಬರಲೂ ಇಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿಯಿತು. ಮೂರನೇ ದಿನ ಜ್ವರ ಬಿಟ್ಟಿತು.

ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ ಅವರಿಗೆ ಆ ಬೆಳಗು ಬರಲಿಲ್ಲ. ಅವರು ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ಬೆನ್ನುನೋವೆಂದು ಹೋದಾಗ 17 ವಾರ. ನೀರು ಹೋಯಿತು, ಮಗು ಉಳಿಯಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಗರ್ಭ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರು. ಎದೆ ಬಡಿತ ಇದೆ, ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂತು. ಸೋಂಕು ರಕ್ತಕ್ಕೆ ಸೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಅಲ್ಲಿ ಕಾನೂನು ಒಂದೇ ತಪ್ಪು ಮಾಡಲಿಲ್ಲ. ಸೋಂಕನ್ನು ಹೊತ್ತಿಗೆ ಸರಿಯಾಗಿ ಗುರುತಿಸುವುದರಲ್ಲೂ ಆಸ್ಪತ್ರೆ ಎಡವಿತ್ತು. ಅವರನ್ನು ಉಳಿಸಬಹುದಾಗಿದ್ದ 13 ಅವಕಾಶ ಕೈತಪ್ಪಿದವು ಎಂದು ಅಲ್ಲಿನ ಅಧಿಕೃತ ತನಿಖೆಯೇ ಹೇಳಿತು. ಆದರೂ ನಾನು ವೈದ್ಯೆಯಾಗಿ ಹೇಳುತ್ತೇನೆ: ಎದೆ ಬಡಿತ ನಿಲ್ಲಲಿ ಎಂದು ಕಾಯುವ ಅಭ್ಯಾಸ ಕಲಿಸಿದ್ದು ಕಾನೂನೇ. 2018ರ ಮೇ 25ರಂದು ಐರ್ಲೆಂಡಿನ ಜನ ಶೇಕಡಾ 66ಕ್ಕಿಂತ ಜಾಸ್ತಿ ಮತ ಹಾಕಿ ಸಂವಿಧಾನದ ಆ ನಿಷೇಧ ತೆಗೆದರು. ಆ ದಿನಗಳಲ್ಲಿ ಡಬ್ಲಿನ್‌ನ ಒಂದು ಗೋಡೆಯ ಮೇಲೆ ಸವಿತಾ ಮುಖ ಬರೆದಿದ್ದರು. ಅದರ ಸುತ್ತ ಜನ ಚೀಟಿ ಅಂಟಿಸಿ ಅವರಲ್ಲಿ ಕ್ಷಮೆ ಕೇಳಿದರು.

ಹತ್ತು ವರ್ಷದ ನಂತರ, 2022ರ ಆಗಸ್ಟ್‌ನಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅಮಾಂಡಾ ಜುರಾವ್‌ಸ್ಕಿ ಎಂಬ ಹೆಂಗಸಿಗೆ ಹದಿನೆಂಟು ವಾರದ ಹೊತ್ತಿಗೆ ನೀರು ಹೋಯಿತು. ಎಷ್ಟೋ ಚಿಕಿತ್ಸೆ ಮಾಡಿ ನಿಲ್ಲಿಸಿಕೊಂಡಿದ್ದ ಗರ್ಭ. ಎದೆ ಬಡಿತ ಇದೆ ಎಂದು ಅಲ್ಲೂ ಕಾದರು. ಸೋಂಕು ರಕ್ತಕ್ಕೆ ಏರಿದ ಮೇಲೆ ಚಿಕಿತ್ಸೆ ಸಿಕ್ಕಿತು. ಐಸಿಯು ಸೇರಿದರು. ಜೀವ ಉಳಿಯಿತು, ಒಂದು ಗರ್ಭನಾಳ ಶಾಶ್ವತವಾಗಿ ಮುಚ್ಚಿಹೋಯಿತು. ಅವರೂ ಇನ್ನಷ್ಟು ಹೆಂಗಸರೂ ಡಾಕ್ಟರುಗಳೂ ಸೇರಿ ಕೋರ್ಟಿಗೆ ಹೋದರು. 2024ರ ಮೇ 31ರಂದು ಟೆಕ್ಸಾಸ್ ಸುಪ್ರೀಂ ಕೋರ್ಟ್ ಅವರ ವಾದ ಒಪ್ಪಲಿಲ್ಲ. ಆದರೆ ಒತ್ತಡ ಹೆಚ್ಚಿತು. 2025ರ ಜೂನ್‌ನಲ್ಲಿ ಹೊಸ ಕಾಯ್ದೆ ಬಂತು: ಅಪಾಯ ತಲೆಯ ಮೇಲೆ ಬಂದು ನಿಲ್ಲುವವರೆಗೆ ಡಾಕ್ಟರ್ ಕಾಯಬೇಕಿಲ್ಲ. ಅದನ್ನು ಮಂಡಿಸಿದವರು ಸೆನೆಟರ್ ಬ್ರಯನ್ ಹ್ಯೂಸ್. ಆರು ವಾರದ ಕಾನೂನು ತಂದವರೂ ಅವರೇ. ಗರ್ಭಪಾತವನ್ನು ಅಷ್ಟು ಗಟ್ಟಿಯಾಗಿ ವಿರೋಧಿಸುವವರೇ ತಿದ್ದಬೇಕು ಎಂದು ಒಪ್ಪಿದರಲ್ಲ, ಅದನ್ನು ನಾನು ದೊಡ್ಡ ಮಾತು ಎಂದೇ ಎಣಿಸುತ್ತೇನೆ. ನಿಮ್ಮ ಮಗಳ ಪಾಲಿಗೆ ಇದು ಒಳ್ಳೆಯ ಸುದ್ದಿ.

ವಿರೋಧಿಸುವವರನ್ನು ಕಟುಕರು ಎಂದು ಮಾತ್ರ ತಿಳಿಯಬೇಡಿ. ನಾನು ಗೌರವಿಸುವ ಡಾಕ್ಟರುಗಳಲ್ಲೇ ಗರ್ಭಪಾತ ಮಾಡದವರಿದ್ದಾರೆ. ಗರ್ಭ ನಿಂತ ಕ್ಷಣದಿಂದ ಅದೊಂದು ಜೀವ, ಮಾತಾಡಲು ಬಾಯಿಲ್ಲದ ಆ ಜೀವದ ಪರ ಯಾರಾದರೂ ನಿಲ್ಲಬೇಕು ಎನ್ನುತ್ತಾರೆ. ನಮ್ಮ ಮನೆಗಳಲ್ಲೂ ಹಿರಿಯರು ಭ್ರೂಣಹತ್ಯೆ ಮಹಾಪಾಪ ಎಂದೇ ಹೇಳಿಕೊಟ್ಟಿದ್ದಾರೆ. ಗರ್ಭಪಾತದ ಹಕ್ಕನ್ನು ಪೂರ್ತಿ ಬೆಂಬಲಿಸಿದ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರೇ, 1973ರ ತೀರ್ಪು ಒಂದೇ ಏಟಿಗೆ ತುಂಬಾ ದೂರ ಹೋಯಿತು ಎಂದಿದ್ದರು. ಇವೆಲ್ಲ ಯೋಚಿಸಬೇಕಾದ ಮಾತುಗಳೇ. ನನ್ನ ತಕರಾರು ನಂಬಿಕೆಯ ಮೇಲಲ್ಲ. ನಾಡಿ 124 ಇರುವಾಗ ಡಾಕ್ಟರ್ ನೋಡಬೇಕಾದದ್ದು ಹೆಂಗಸಿನ ಮುಖ. ಆ ಹೊತ್ತಲ್ಲಿ ಆಸ್ಪತ್ರೆಯ ವಕೀಲರಿಗೆ ಫೋನ್ ಮಾಡುವ ಹಾಗೆ ಆಗಬಾರದು.

ಮಾತ್ರೆಯ ವಿಷಯದಲ್ಲೂ ಇದೇ ತೊಡಕು. ಮಿಸೊಪ್ರೊಸ್ಟಾಲ್ ಗರ್ಭಪಾತಕ್ಕೆ ಬಳಸುವ ಎರಡು ಮಾತ್ರೆಗಳಲ್ಲಿ ಒಂದು. ಅದೇ ಮಾತ್ರೆ ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗುವುದನ್ನೂ ತಡೆಯುತ್ತೆ. ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿದ ಅಧ್ಯಯನ ನಡೆದಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 1,620 ಬಾಣಂತಿಯರು, ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರುಗಳು. ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾಯಿತು. ಸವಿತಾ ಅವರ ಊರಿನ ಸುತ್ತಮುತ್ತ ಸಾವಿರಾರು ರೂಪಾಯಿ ಯಂತ್ರ ಇಲ್ಲದೆ ಹೆಂಗಸರ ಜೀವ ಕಾದ ಮಾತ್ರೆ ಅದು. 2024ರ ಅಕ್ಟೋಬರ್‌ನಿಂದ ಲೂಸಿಯಾನಾ ರಾಜ್ಯ ಅದನ್ನು ಅಮಲಿನ ಮಾತ್ರೆಗಳ ಹಾಗೆ ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿದೆ. ಬಾಣಂತಿಗೆ ರಕ್ತ ನಿಲ್ಲದಿದ್ದಾಗ ಆ ಮಾತ್ರೆ ನನ್ನ ಜೇಬಿನಲ್ಲೇ ಇರಬೇಕು, ಬೀಗದ ಕಪಾಟಿನಲ್ಲಲ್ಲ.

ನಮ್ಮ ದೇಶದ್ದು ಬೇರೆ ಕತೆ, ಚಿಕ್ಕದಾಗಿ ಹೇಳುತ್ತೇನೆ. 2021ರ ತಿದ್ದುಪಡಿಯಾದ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ್, ಕೆಲವು ಪರಿಸ್ಥಿತಿಗಳಲ್ಲಿ 24 ವಾರದವರೆಗೆ ಇಬ್ಬರು ಡಾಕ್ಟರ್ ಒಪ್ಪಿದರೆ ಸಾಕು. ಮಗುವಿಗೆ ದೊಡ್ಡ ದೋಷ ಇದ್ದರೆ ಅದರ ಮೇಲೂ ವೈದ್ಯಕೀಯ ಮಂಡಳಿ ತೀರ್ಮಾನಿಸುತ್ತೆ. ತಾಯಿಯ ಜೀವ ಉಳಿಸಲು ವಾರದ ಲೆಕ್ಕವೇ ಇಲ್ಲ. 18 ತುಂಬಿದ ಹೆಂಗಸಿನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಇದು ಎಷ್ಟೋ ಜನರಿಗೆ ಇಂದಿಗೂ ಗೊತ್ತಿಲ್ಲ. ಡಾಬ್ಸ್ ತೀರ್ಪು ಬಂದ ಮೂರು ತಿಂಗಳಿಗೆ, 2022ರ ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟ್ ಮದುವೆಯಾಗದ ಹೆಂಗಸರಿಗೂ 24 ವಾರದ ಅವಕಾಶ ಇದೆ ಎಂದಿತು. ಆ ಪೀಠದಲ್ಲಿ ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು. ಹಾಗೆಂದು ನಾವು ಬೀಗುವಂತಿಲ್ಲ. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿತ್ತಲ್ಲ. ಅಲ್ಲಿ 'ಬೇಡ' ಎಂದವರು ಯಾರು, ಬಸುರಿಯೋ ಮನೆಯವರೋ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ. ಬಲವಂತವಾಗಿ ಹೊರಿಸುವುದೂ ಬಲವಂತವಾಗಿ ತೆಗೆಸುವುದೂ ನನ್ನ ಕಣ್ಣಿಗೆ ಒಂದೇ.

ಇನ್ನು ಮಗಳಿಗೆ ಹೇಳಬೇಕಾದ್ದು. ಮೊದಲು ಆ ಪದ. ಅಲ್ಲಿನ ಡಾಕ್ಟರ್ ಹಿಂದಿನದನ್ನು ಕೇಳಿದಾಗ 'ಒಂದು ಅಬಾರ್ಷನ್ ಆಗಿದೆ' ಎನ್ನುವುದು ಬೇಡ. ಅಲ್ಲಿ ಅದರ ಅರ್ಥ 'ಮಾಡಿಸಿಕೊಂಡೆ' ಎಂದೇ. 'ಮಿಸ್‌ಕ್ಯಾರೇಜ್, ಹದಿನೆಂಟು ವಾರ, ನೋವಿಲ್ಲದೆ ನೀರು ಹೋಯಿತು' ಎಂದು ಬಿಡಿಸಿ ಹೇಳಲಿ. ಈ ಒಂದು ವಾಕ್ಯದಿಂದಲೇ ಅವರ ಯೋಚನೆ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕಡೆ ಹೋಗುತ್ತೆ. ದಾವಣಗೆರೆಯ ಹಳೇ ಡಿಸ್ಚಾರ್ಜ್ ಸಮರಿ ಮನೆಯಲ್ಲಿದ್ದರೆ ಇವತ್ತೇ ಫೋಟೋ ತೆಗೆದು ವಾಟ್ಸಾಪ್ ಮಾಡಿ.

ಹತ್ತು ವಾರ ತುಂಬಿದ ಮೇಲೆ, ಮಗುವಿಗೆ ವರ್ಣತಂತು (ಕ್ರೋಮೋಸೋಮ್) ದೋಷದ ಸಾಧ್ಯತೆ ಇದೆಯಾ ಎಂದು ತಾಯಿಯ ರಕ್ತದಿಂದ ನೋಡುವ ಎನ್‌ಐಪಿಟಿ ಪರೀಕ್ಷೆ ತಡ ಮಾಡದೆ ಮಾಡಿಸಲಿ. ನಿಷೇಧ ಇರುವ ರಾಜ್ಯದಲ್ಲಿ ಬೇಗ ಗೊತ್ತಾದಷ್ಟೂ ಯೋಚಿಸಲು ಹೊತ್ತು ಸಿಗುತ್ತೆ. 2023ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಕಡೆಯ ಕೇಟ್ ಕಾಕ್ಸ್ ಅವರ ಮಗುವಿಗೆ ಟ್ರೈಸೋಮಿ 18 ಎಂಬ ಗಂಭೀರ ವರ್ಣತಂತು ದೋಷ ಇದೆ ಎಂದು ತಿಳಿದಿತ್ತು, ಆಗಲೇ 20 ವಾರ ದಾಟಿತ್ತು. ಕೋರ್ಟ್ ಒಪ್ಪದೆ ಅವರು ರಾಜ್ಯ ಬಿಟ್ಟು ಹೋಗಬೇಕಾಯಿತು. ಹೀಗೆ ಬೇರೆ ರಾಜ್ಯಕ್ಕೆ ಹೋಗಿ ಚಿಕಿತ್ಸೆ ಪಡೆದ ಹೆಂಗಸಿಗೆ ಶಿಕ್ಷೆ ಇಲ್ಲ. ವೀಸಾದ ಭಯದಿಂದ ಆಸ್ಪತ್ರೆಗೆ ಹೋಗುವುದನ್ನು ಅವಳು ತಡ ಮಾಡಬಾರದು. ಅಳಿಯಂದಿರಿಗೂ ಇದನ್ನು ಹೇಳಿ. ಹೊರ ರಾಜ್ಯದ ಆಸ್ಪತ್ರೆಗೂ ಅವರ ಇನ್ಶೂರೆನ್ಸ್ ನಡೆಯುತ್ತಾ ಎಂದು ಒಮ್ಮೆ ನೋಡಿಟ್ಟಿರಲಿ.

ಮುಂದಿನ ಭೇಟಿಯಲ್ಲೇ ಡಾಕ್ಟರಿಗೆ ನೇರವಾಗಿ ಕೇಳಲಿ: 'ಇಪ್ಪತ್ತು ವಾರದೊಳಗೆ ನನಗೆ ಮತ್ತೆ ನೀರು ಹೋದರೆ, ಎದೆ ಬಡಿತ ಇದ್ದರೆ, ಈ ಆಸ್ಪತ್ರೆಯಲ್ಲಿ ಏನು ಮಾಡುತ್ತೀರಿ?' ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಉತ್ತರ ತೇಲಿಸಿದರೆ ಬೇರೆ ಆಸ್ಪತ್ರೆ ಹುಡುಕಲು ಈಗಿನ್ನೂ ಸಮಯ ಇದೆ. ನೀರು ಹೋದರೆ, ಚಳಿಜ್ವರ ಬಂದರೆ, ವಾಸನೆಯ ಸ್ರಾವ ಕಂಡರೆ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು.

ಎಲ್ಲಕ್ಕಿಂತ ಮುಖ್ಯ, ಆ ಪರಿಸ್ಥಿತಿ ಬರದಂತೆ ನೋಡಿಕೊಳ್ಳಲು ದಾರಿ ಇದೆ. ನೋವಿಲ್ಲದೆ ಹೋಗಿದೆ ಎಂದರೆ ಗರ್ಭಕೊರಳು ಸಡಿಲ ಇರಬಹುದು. ಹನ್ನೆರಡರಿಂದ ಹದಿನಾಲ್ಕು ವಾರದ ನಡುವೆಯೇ ಹೊಲಿಗೆ ಹಾಕಬೇಕಾ ಎಂದು ಡಾಕ್ಟರ್ ಯೋಚಿಸುತ್ತಾರೆ. ಇಲ್ಲದಿದ್ದರೆ ಹದಿನಾರನೇ ವಾರದಿಂದ ಇಪ್ಪತ್ನಾಲ್ಕರವರೆಗೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಒಳಗಿನಿಂದ ಸ್ಕ್ಯಾನ್ ಮಾಡಿ ಕೊರಳಿನ ಉದ್ದ ಅಳೆಯುತ್ತಾರೆ. ಎರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆಯಾದರೆ ಹೊಲಿಗೆಯ ಮಾತು ಬರುತ್ತೆ. ಮೊದಲ ಸ್ಕ್ಯಾನ್ ದಿನ ಅಲ್ಲಿ ಬೆಳಗ್ಗೆ ಹತ್ತಾದರೆ ಇಲ್ಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಾದರೆ ಒಂಬತ್ತೂವರೆ. ಮಗಳು ಫೋನ್ ಮಾಡಿದಾಗ ಆ ಉದ್ದ ಎಷ್ಟು ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ, ನನಗೂ ತಿಳಿಸಿ.